ಎಲ್ಲಾ ದ್ವೀಪಕ್ಕೂ ಒಂದೇ ಮದ್ದು ಅರೀಬೇಡಿ: ನಮ್ಮ ಕರಾವಳಿಯ ದ್ವೀಪಗಳ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ, ಹಾಗೇ ಉಡುಪಿ ಮತ್ತು ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಹೋದ ಡಿಸೆಂಬರಲ್ಲಿ ಮನೆಗೆ ಬಂದ ನೆಂಟರನ್ನ ಕರ್ಕೊಂಡು ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿದ್ದೆ. ಬೋಟಿಂದ ಇಳಿದು ಆ ಕಲ್ಲಿನ ಕಂಬಗಳ ಹತ್ರ ನಿಂತಿದ್ದಾಗ ಪಕ್ಕದಲ್ಲಿ ಒಬ್ಬ ಹುಡುಗ, ಐದೋ ಆರೋ ಕ್ಲಾಸ್ ಇರ್ಬೇಕು, "ಇದನ್ನ ಯಾರು ಕೆತ್ತಿದ್ದು ಅಪ್ಪಾ" ಅಂತ ಕೇಳ್ದ. ಅಪ್ಪನಿಗೆ ಗೊತ್ತಿರಲಿಲ್ಲ, ಪಾಪ ಅವ್ರು ಅಲ್ಲೇ ಇದ್ದ ಇನ್ನೊಬ್ಬರನ್ನ ಕೇಳಿದ್ರು, ಅವ್ರು ಹಿಂದೆ ಮುಂದೆ ನೋಡದೆ "ಪೋರ್ಚುಗೀಸರು ಕೆತ್ತಿದ್ದು" ಅಂದುಬಿಟ್ರು. ಹುಡುಗ ತಲೆ ಆಡಿಸಿ ಫೋಟೋಕ್ಕೆ ನಿಂತ. ನಂಗೆ ತಡೀಲಿಕ್ಕೆ ಆಗ್ಲಿಲ್ಲ, ಅವನನ್ನ ಕರೆದು ಹೇಳ್ಲಿಕ್ಕೆ ಶುರು ಮಾಡ್ದೆ, ಆದ್ರೆ ಅಷ್ಟ್ರಲ್ಲಿ ಅವರ ಬೋಟು ಹೊರಡೋ ಹೊತ್ತಾಯ್ತು, ಮಾತು ಅರ್ಧಕ್ಕೇ ನಿಂತಿತು. ಆ ಉಳಿದ ಅರ್ಧವನ್ನ ನಿಮಗಾದ್ರೂ ಹೇಳ್ಬೇಕು ಅಂತ ಕೂತಿದ್ದೇನೆ.

ಆ ಕಂಬಗಳನ್ನ ಯಾರೂ ಕೆತ್ತಿದ್ದಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ ಇಲ್ಲಿ ಭೂಮಿಯೊಳಗಿಂದ ಕಲ್ಲು ಕರಗಿ ಉಕ್ಕಿ ಬಂತು. ಆವಾಗ ನಮ್ಮ ಪಕ್ಕದಲ್ಲಿ ಅರಬ್ಬೀ ಸಮುದ್ರ ಅಂತ ಏನೂ ಇರ್ಲಿಲ್ಲ, ಮಡಗಾಸ್ಕರ್ ನಮಗೆ ಅಂಟ್ಕೊಂಡೇ ಇತ್ತು, ಅದು ನಮ್ಮಿಂದ ಬೇರೆಯಾಗಿ ದೂರ ಹೋಗೋ ಕಾಲದಲ್ಲಿ ನೆಲ ಸೀಳಿ ಬಂದ ಲಾವಾ ಇದು. ಅದೇ ವಯಸ್ಸಿನ ಲಾವಾ ಕಲ್ಲು ಮಡಗಾಸ್ಕರ್‌ನಲ್ಲೂ ಉಂಟು. ಅಂದ್ರೆ ಒಂದು ಮನೆ ಪಾಲಾದಾಗ ಮಧ್ಯದ ಗೋಡೆ ಎರಡೂ ಕಡೆ ಗುರುತು ಉಳಿಸಿದ ಹಾಗೆ. ಮಹಾರಾಷ್ಟ್ರದಿಂದ ನಮ್ಮ ಬೆಳಗಾವಿ, ಬೀದರ್ ಕಡೆಗೂ ಹಬ್ಬಿದ ಡೆಕ್ಕನ್ ಟ್ರ್ಯಾಪ್ ಲಾವಾ ಬಂದದ್ದು ಇದಾಗಿ ಇನ್ನೂ 2 ಕೋಟಿ ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ತುಂಬಾ ಜನ ಎರಡೂ ಒಂದೇ ಅಂದ್ಕೊಂಡು ಇದನ್ನೂ ಡೆಕ್ಕನ್ ಟ್ರ್ಯಾಪಿನ ಹಾಗೆ ಬಸಾಲ್ಟ್, ಅಂದ್ರೆ ಕಪ್ಪು ಲಾವಾ ಕಲ್ಲು, ಅಂತಾರೆ, ಅದು ಸರಿಯಲ್ಲ, ಇದು ರಯೋಲೈಟ್ ಜಾತಿಯ ಕಲ್ಲು, ಸಿಲಿಕಾ ಜಾಸ್ತಿ ಇರೋದು.

ಕಂಬ ಆದದ್ದು ಹೇಗೆ ಅಂದ್ರೆ, ಬೇಸಿಗೆಯಲ್ಲಿ ನಮ್ಮ ಗದ್ದೆ ನೀರು ಆರಿ ಬಿರುಕು ಬಿಡ್ತದಲ್ಲ, ಹಾಗೇ. ಕೆಸರು ಒಣಗ್ತಾ ಕುಗ್ತದೆ, ಕುಗ್ಗಿದಾಗ ಐದು ಮೂಲೆ ಆರು ಮೂಲೆಯ ಹೆಂಟೆ ಹೆಂಟೆಯಾಗಿ ಸೀಳ್ತದೆ. ಲಾವಾನೂ ತಣ್ಣಗಾಗ್ತಾ ಕುಗ್ಗಿತು, ಮೇಲಿಂದ ಶುರುವಾದ ಬಿರುಕು ಕೆಳಗಡೆ ತನಕ ಇಳೀತು, ಅದಕ್ಕೇ ಯಾರೋ ಪಟ್ಟಿ ಹಿಡಿದು ಕೊರೆದ ಹಾಗೆ ಆರು ಮೂಲೆಯ ಕಂಬಗಳು, ಕೆಲವು ಐದು, ಕೆಲವು ಏಳು ಮೂಲೆಯವು, ಎತ್ತರದ್ದು ಸುಮಾರು 6 ಮೀಟರ್. ಗದ್ದೆಯ ಉದಾಹರಣೆ ಕೊಟ್ರೆ ಐದನೇ ಕ್ಲಾಸಿನ ಮಗುಗೂ ಒಂದು ನಿಮಿಷದಲ್ಲಿ ಅರ್ಥ ಆಗ್ತದೆ ಸ್ವಾಮಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ, ಕರ್ನಾಟಕದಲ್ಲಿ ಅಂಥವು ಇರೋದೇ ನಾಲ್ಕು, ಲಾಲ್‌ಬಾಗಿನ ಬಂಡೆ ಅದ್ರಲ್ಲಿ ಒಂದು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಇನ್ನೊಂದು. ಹಂಪಿಯ ಕಲ್ಲಿನ ರಥದಷ್ಟೇ ಮರ್ಯಾದೆ ಇದಕ್ಕೂ ಸಲ್ಲಬೇಕು ಅಂತ ನನ್ನ ಅಭಿಪ್ರಾಯ. ಹೋದವರು ಕಂಬದ ಮೇಲೆ ಹೆಸರು ಗೀಚಿ ಬರ್ತಾರೆ, ಸಂದಿಯಲ್ಲಿ ಬಾಟಲಿ ತುರುಕಿ ಬರ್ತಾರೆ. ಅವರನ್ನ ಬೈದು ಏನು ಪ್ರಯೋಜನ, ಇದು ಏನು ಅಂತ ಅವರಿಗೆ ಯಾರಾದ್ರೂ ಹೇಳಿದ್ರೆ ತಾನೆ?

ಹೆಸರಿನ ಕಥೆನೂ ಹಾಗೇ ಅರ್ಧಂಬರ್ಧ ಓಡ್ತಾ ಉಂಟು. ವಾಸ್ಕೋ ಡ ಗಾಮ ಭಾರತಕ್ಕೆ ಬಂದವನು ಮೊದಲು ಇಲ್ಲೇ ಇಳಿದ, ಆಮೇಲೆ ಕೇರಳಕ್ಕೆ ಹೋದ ಅಂತ ತುಂಬಾ ಕಡೆ ಬರೀತಾರೆ. ಅವನ ಹಡಗುಪಡೆಯಲ್ಲೇ ಇದ್ದವರು ಬರೆದಿಟ್ಟ ದಿನಚರಿ ಪ್ರಕಾರ ಅವ್ರು 1498ರ ಮೇ ತಿಂಗಳಲ್ಲಿ ಮೊದಲು ಮುಟ್ಟಿದ್ದು ಕಲ್ಲಿಕೋಟೆ ಕಡೆ, ಅಲ್ಲಿನ ರಾಜ ಸಾಮೂದಿರಿ ಜೊತೆ ಸರಿ ಹೋಗದೆ ವಾಪಸ್ ಹೊರಟಾಗ, ಸೆಪ್ಟೆಂಬರಲ್ಲಿ, ಉತ್ತರಕ್ಕೆ ಬರ್ತಾ ಈ ದ್ವೀಪದಲ್ಲಿ ಸಾಂತಾ ಮರಿಯಾ ಹೆಸರಲ್ಲಿ ಒಂದು ಕಲ್ಲಿನ ಗುರುತು ಕಂಬ ನಿಲ್ಲಿಸಿದ್ದು. ಅಲ್ಲಿಂದ ಸೀದಾ ಕಾರವಾರದ ಎದುರಿನ ಅಂಜುದೀವ್ ದ್ವೀಪಕ್ಕೆ ಹೋದ್ರು. ಅದಕ್ಕೂ ಎಷ್ಟೋ ಹಿಂದಿನಿಂದ ನಮ್ಮವರು ಇದನ್ನ ತೋನ್ಸೆಪಾರ್ ಅಂತ ಕರೀತಾ ಇದ್ದದ್ದು, ಈಗ್ಲೂ ಮೀನಿಗೆ ಹೋಗೋ ಹಿರಿಯರ ಬಾಯಲ್ಲಿ ಅದೇ ಹೆಸರು. ಟಿಕೆಟ್ಟಿನ ಮೇಲೆ, ಬೋರ್ಡಿನ ಮೇಲೆ ಆ ಹೆಸರನ್ನೂ ಜೊತೆಗೆ ಬರೆಸಿ, ಇದು ನನ್ನ ಮೊದಲ ಕೋರಿಕೆ, ಖರ್ಚು ಏನೂ ಬರೋದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಪ್ರತಿ ಸಲ ಕರಾವಳಿ ಅಭಿವೃದ್ಧಿ ಅಂತ ಮಾತು ಬಂದಾಗ ದ್ವೀಪಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಹಾಕಿ, ಎಲ್ಲದಕ್ಕೂ ಅದೇ ಜೆಟ್ಟಿ, ಅದೇ ವಾಟರ್ ಸ್ಪೋರ್ಟ್ಸ್, ಅದೇ ರೆಸಾರ್ಟ್, ಅದೇ ಸೆಲ್ಫಿ ಪಾಯಿಂಟ್ ಅಂತ ಹೇಳೋದು ಕೇಳಿ ಕೇಳಿ ಸಾಕಾಗಿದೆ. ನಮ್ಮ 300 ಕಿಲೋಮೀಟರ್‌ಗೂ ಉದ್ದದ ಕರಾವಳಿಯ ಎದುರಿಗಿರೋ ಒಂದೊಂದು ದ್ವೀಪದ ಜಾತಕನೂ ಬೇರೆ. ಒಂದರಲ್ಲಿ ಕಲ್ಲು ಮುಖ್ಯ, ಒಂದರಲ್ಲಿ ಹಕ್ಕಿ ಮತ್ತೆ ನೀರಿನ ಕೆಳಗಿನ ಹವಳ ಮುಖ್ಯ, ಒಂದರಲ್ಲಿ ಕೋಟೆ, ಒಂದರಲ್ಲಿ ದೇವರು. ತೋನ್ಸೆಪಾರ್‌ಗೆ ಜನ ಬರ್ಲಿ, ಖಂಡಿತ ಬರ್ಲಿ, ನೋಡ್ಲಿ, ಅದು ಜನ ನೋಡಬೇಕಾದ ಜಾಗವೇ. ಆದ್ರೆ ಅದೇ ಮದ್ದನ್ನ ನೇತ್ರಾಣಿಗೂ ಕುಡಿಸಿದ್ರೆ ನೇತ್ರಾಣಿ ಸಾಯ್ತದೆ.

ನೇತ್ರಾಣಿ ಗೊತ್ತಲ್ಲ, ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ. ಮೇಲಿಂದ ತೆಗೆದ ಫೋಟೋದಲ್ಲಿ ಹೃದಯದ ಆಕಾರ ಕಾಣ್ತದೆ ಅಂತ ಮೊಬೈಲಲ್ಲೆಲ್ಲ ಓಡಾಡ್ತದೆ. ಬ್ರಿಟಿಷರು ಇದನ್ನ ಪಾರಿವಾಳದ ದ್ವೀಪ ಅಂತ ಕರೀತಿದ್ರು. ಸುತ್ತ ಕಡಿದಾದ ಬಂಡೆ, ಇಳೀಲಿಕ್ಕೆ ಸರಿಯಾದ ಜಾಗವೇ ಇಲ್ಲ, ಮೇಲೆ ದಟ್ಟ ಕಾಡು. ನನ್ನ ಸೋದರಮಾವ ಮೀನಿಗೆ ಹೋಗ್ತಿದ್ದವರು, ಅವರ ಜೊತೆ ಚಿಕ್ಕವನಿದ್ದಾಗ ಒಂದ್ಸಲ ಆ ಕಡೆ ಹೋಗಿದ್ದೆ, ಬೋಟಿನ ಇಂಜಿನ್ ಬಂದ್ ಮಾಡಿದಾಗ ಮೇಲಿಂದ ಒಂಥರಾ ಬಾತುಕೋಳಿ ಕೂಗಿದ ಹಾಗೆ ಜೋರಾಗಿ ಸದ್ದು ಬಂತು, ತಲೆ ಎತ್ತಿ ನೋಡಿದ್ರೆ ಬಿಳಿ ಹೊಟ್ಟೆಯ ಎರಡು ದೊಡ್ಡ ಹದ್ದುಗಳು. ಮಾವ "ಅದು ಇದರ ಯಜಮಾನ ಮಗಾ, ನಾವು ಇಲ್ಲಿ ನೆಂಟರು" ಅಂದ್ರು. ಅವ್ರು ಹೋಗಿ ವರ್ಷಗಳಾಯ್ತು, ಆ ಮಾತು ಕಿವಿಯಲ್ಲೇ ಉಂಟು.

ಆ ಬಿಳಿಹೊಟ್ಟೆಯ ಕಡಲ ಹದ್ದು ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಲ್ಲಿರೋ ಹಕ್ಕಿ, ಅಂದ್ರೆ ಕಾನೂನಿನ ಅತಿ ಹೆಚ್ಚಿನ ರಕ್ಷಣೆ ಇರೋದು. ಒಂದು ಜೋಡಿ ವರ್ಷ ವರ್ಷವೂ ಅದೇ ಗೂಡಿಗೆ ಬರ್ತದೆ, ಹಳೇ ಗೂಡಿನ ಮೇಲೇ ಹೊಸ ಕಡ್ಡಿ ಪೇರಿಸ್ತಾ ಹೋಗ್ತದೆ, ಅದು ಬೆಳೀತಾ ಬೆಳೀತಾ ಮನುಷ್ಯ ಮಲಗೋವಷ್ಟು ದೊಡ್ಡದಾಗ್ತದೆ. ಇಲ್ಲೊಂದು ವಿಷಯ ದಯವಿಟ್ಟು ಗಮನಿಸಿ. ಅದು ಮೊಟ್ಟೆ ಇಟ್ಟು ಮರಿ ಮಾಡೋದು ಮಳೆ ನಿಂತ ಮೇಲೆ, ಚಳಿಗಾಲದಲ್ಲಿ, ಅಂದ್ರೆ ಸರಿಯಾಗಿ ನಮ್ಮ ಟೂರಿಸ್ಟ್ ಸೀಸನ್‌ನಲ್ಲೇ. ಮಳೆಗಾಲದಲ್ಲಿ ಸಮುದ್ರ ರಫ್ ಇರ್ತದೆ, ಜೂನ್ ಜುಲೈ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ರಜೆ, ಆವಾಗ ದ್ವೀಪಕ್ಕೆ ತಾನಾಗೇ ರೆಸ್ಟ್ ಸಿಗ್ತದೆ, ಆದ್ರೆ ಹದ್ದಿಗೆ ರೆಸ್ಟ್ ಬೇಕಾದದ್ದು ಡಿಸೆಂಬರ್ ಜನವರಿಯಲ್ಲಿ. ಆಗಲೇ ಅದರ ತಲೆ ಮೇಲೆ ಡ್ರೋನು ಹಾರಿಸಿದ್ರೆ, ಬಂಡೆ ಹತ್ತಿ ಪಾರ್ಟಿ ಮಾಡಿದ್ರೆ, ತಾಯಿ ಗೂಡು ಬಿಟ್ಟು ಏಳ್ತದೆ, ಕಾಗೆ ಬಂದು ಮೊಟ್ಟೆ ಕುಕ್ಕಿ ಹೋಗ್ತದೆ, ಬಿಸಿಲಿಗೆ ಮರಿ ಸಾಯ್ತದೆ, ಅಷ್ಟೇ ಕಥೆ.

ಅಲ್ಲಿನ ಬಂಡೆಯ ಗವಿಗಳಲ್ಲಿ ಇನ್ನೊಂದು ಚಿಕ್ಕ ಹಕ್ಕಿ ಉಂಟು, ಸ್ವಿಫ್ಟ್‌ಲೆಟ್ ಅಂತಾರೆ, ಗುಬ್ಬಚ್ಚಿಗಿಂತ ಸಣ್ಣದು, ತನ್ನ ಎಂಜಲಲ್ಲೇ ಗೂಡು ಅಂಟಿಸಿ ಕಟ್ತದೆ, ಗವಿಯ ಕತ್ತಲಲ್ಲಿ ಬಾವಲಿ ಹಾಗೆ ಟಿಕ್ ಟಿಕ್ ಸದ್ದು ಮಾಡಿ ಅದರ ಪ್ರತಿಧ್ವನಿಯಿಂದ ದಾರಿ ಹುಡುಕ್ತದೆ. ಇಂಥಾ ಹಕ್ಕಿಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಇರೋ ಮನೆಗಳೇ ಬೆರಳೆಣಿಕೆಯಷ್ಟು. ಇನ್ನು ನೀರಿನ ಕೆಳಗೆ ಹವಳ, ಗಿಳಿಮೀನು, ಕಡಲಾಮೆ, ಅದೃಷ್ಟ ಇದ್ರೆ ತಿಮಿಂಗಿಲ ಶಾರ್ಕ್. ಹವಳವನ್ನೂ ಆ ಶಾರ್ಕನ್ನೂ 2001ರಲ್ಲೇ ಕಾನೂನಿನ ರಕ್ಷಣೆಗೆ ತಂದಾಗಿದೆ, ಕಾಗದದಲ್ಲಿ ಹುಲಿಗೆ ಎಷ್ಟು ಬೆಲೆಯೋ ಇವಕ್ಕೂ ಅಷ್ಟೇ. ಆದ್ರೆ ಹವಳದ ಮೇಲೆ ಲಂಗರು ಎಸೆದ್ರೆ ಅದನ್ನ ಕೇಳೋರು ಯಾರು? ನೂರಾರು ವರ್ಷ ತಗೊಂಡು ಬೆಳೆದ ಹವಳ ಒಂದು ಕಬ್ಬಿಣದ ಎಳೆತಕ್ಕೆ ಪುಡಿಯಾಗ್ತದೆ. ಅಲ್ಲಿ ನೀರಲ್ಲಿ ತೇಲೋ ಖಾಯಂ ಬೋಯ್‌ಗಳನ್ನ ಹಾಕಿ ಬೋಟುಗಳನ್ನ ಅದಕ್ಕೇ ಕಟ್ಟೋ ಹಾಗೆ ಮಾಡಿ, ಲಂಗರು ಹಾಕೋದನ್ನೇ ನಿಲ್ಲಿಸಿ. ಸ್ಕೂಬಾ ಮಾಡ್ಸೋರಿಗೂ ಇದರಿಂದ ಒಳ್ಳೇದೇ, ಹವಳ ಇದ್ರೆ ತಾನೆ ಅವರ ಹೊಟ್ಟೆಪಾಡು.

ನೌಕಾಪಡೆಯವರು ಬಹಳ ವರ್ಷ ನೇತ್ರಾಣಿಯನ್ನ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಇಟ್ಕೊಂಡಿದ್ರು, ಮೀನುಗಾರರೂ ಜೀವವಿಜ್ಞಾನಿಗಳೂ ಅದು ಬೇಡ ಅಂತ ಕೇಳ್ಕೊಂಡದ್ದೂ ಉಂಟು. ದೇಶದ ರಕ್ಷಣೆ ಮುಖ್ಯ, ಅದ್ರಲ್ಲಿ ಎರಡು ಮಾತಿಲ್ಲ, ನಮ್ಮ ಮಕ್ಕಳೂ ನೇವಿಯಲ್ಲಿದ್ದಾರೆ. ಆದ್ರೂ ಗುರಿ ಇಡ್ಲಿಕ್ಕೆ ತೇಲೋ ಟಾರ್ಗೆಟ್ ಸಾಕಲ್ವಾ, ಹದ್ದಿನ ಗೂಡೇ ಬೇಕಾ ಅಂತ ನೀವು ರಾಜ್ಯದ ಕಡೆಯಿಂದ ಗಟ್ಟಿಯಾಗಿ ಕೇಳ್ಬೇಕು. ಮೇಲೆ ಓಡಾಡೋ ಆಡುಗಳ ವಿಷಯನೂ ಹಾಗೇ, ಹರಕೆ ಹೊತ್ತವರು ತಂದು ಬಿಟ್ಟದ್ದು, ಅದು ನಂಬಿಕೆ, ಅದನ್ನ ಒಂದೇಟಿಗೆ ಬೇಡ ಅನ್ನೋದು ಸರಿಯಲ್ಲ, ಆದ್ರೆ ಆಡು ಹೆಚ್ಚಾದ್ರೆ ಕಾಡಿನ ಸಸಿ ಒಂದೂ ಮೇಲೇಳೋದಿಲ್ಲ. ಹರಕೆ ಸಲ್ಲಿಸೋ ಊರಿನವರ ಜೊತೆ ಕೂತು ಮಾತಾಡಿದ್ರೆ ದಾರಿ ಸಿಗ್ತದೆ, ನಮ್ಮ ಮೀನುಗಾರರಿಗೆ ಕಡಲು ಏನು ಅಂತ ಯಾರೂ ಹೇಳಿಕೊಡ್ಬೇಕಾಗಿಲ್ಲ. ಹೊನ್ನಾವರದಲ್ಲಿ ಅಪ್ಸರಕೊಂಡ ಮುಗಳಿ ಭಾಗವನ್ನ ಸಾಗರ ವನ್ಯಜೀವಿಧಾಮ ಮಾಡಿದ್ದೀರಿ, ಅದಕ್ಕೆ ಮನಸಾರೆ ಧನ್ಯವಾದ. ನೇತ್ರಾಣಿಗೂ ಅಂಥದ್ದೇ ಒಂದು ರಕ್ಷಣೆ ಬೇಕು, ಮೀನುಗಾರರನ್ನ ಹೊರಗಿಟ್ಟು ಅಲ್ಲ, ಅವರನ್ನೇ ಕಾವಲಿಗೆ ಇಟ್ಟು.

ಕಾರವಾರದ ಕಡೆ ಹೋದ್ರೆ ಕಥೆಯೇ ಬೇರೆ. ಅಲ್ಲಿ ಘಟ್ಟ ಕಡಲ ಅಂಚಿನ ತನಕ ಬಂದು ನಿಂತಿದೆ, ದ್ವೀಪಗಳು ಅಂದ್ರೆ ಆ ಗುಡ್ಡಗಳ ಸಾಲೇ ನೀರಿಗೆ ಇಳಿದು ಅಲ್ಲಲ್ಲಿ ತಲೆ ಎತ್ತಿದ್ದು. ಹಿಮಯುಗದಲ್ಲಿ, ಸುಮಾರು 20 ಸಾವಿರ ವರ್ಷದ ಹಿಂದೆ, ಸಮುದ್ರದ ಮಟ್ಟ ಈಗಿಗಿಂತ 120 ಮೀಟರ್‌ನಷ್ಟು ಕೆಳಗಿತ್ತು, ಆವಾಗ ಇವೆಲ್ಲ ಬಯಲಿನ ಮಧ್ಯದ ಗುಡ್ಡಗಳು, ಮಲ್ಪೆಯಿಂದ ತೋನ್ಸೆಪಾರ್‌ಗೆ ಕಾಲ್ನಡಿಗೆಯಲ್ಲೇ ಹೋಗಬಹುದಿತ್ತು. ಇದನ್ನ ಯೋಚಿಸಿದಾಗೆಲ್ಲ ನಂಗೆ ಮೈ ಜುಂ ಅಂತದೆ.

ಅಂಜುದೀವ್ ಕಾರವಾರದ ಕಣ್ಣೆದುರೇ ಇದ್ರೂ ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು, ಈಗ ಸೀಬರ್ಡ್ ನೌಕಾನೆಲೆಯ ಒಳಗೆ ಬಂದಿದೆ, ಅಲೆ ತಡೆಗೋಡೆ ಕಟ್ಟಿ ದಡಕ್ಕೇ ಜೋಡಿಸಿದ್ದಾರೆ, ನಮ್ಮಂಥವರು ಹೋಗೋ ಹಾಗಿಲ್ಲ. ಹೋಗದಿದ್ರೂ ಪರವಾಗಿಲ್ಲ, ಅದರ ಇತಿಹಾಸವಾದ್ರೂ ನಮಗೆ ಸಿಗಬೇಡ್ವಾ? 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿದ. ಆಮೇಲೆ ಮುಂಬೈ ಇದೆಯಲ್ಲ, ಅದನ್ನ ಪೋರ್ಚುಗಲ್ ರಾಜಕುಮಾರಿಯ ಮದುವೆ ಒಪ್ಪಂದದಲ್ಲಿ ಇಂಗ್ಲೆಂಡಿನ ರಾಜನಿಗೆ ಕೊಟ್ಟಾಗ, ವಶಕ್ಕೆ ತಗೊಳ್ಳಲಿಕ್ಕೆ ಅಬ್ರಹಾಂ ಶಿಪ್‌ಮನ್ ಅನ್ನೋನು ಸುಮಾರು 400 ಸೈನಿಕರ ಜೊತೆ 1662ರಲ್ಲಿ ಬಂದ, ಅಲ್ಲಿನ ಪೋರ್ಚುಗೀಸ್ ಅಧಿಕಾರಿ ಊರು ಬಿಟ್ಟುಕೊಡ್ಲಿಲ್ಲ, ಎಲ್ಲೂ ಜಾಗ ಸಿಗದೆ ಆ ಸೈನ್ಯ ಬಂದು ಬಿದ್ದದ್ದು ಈ ಅಂಜುದೀವಲ್ಲಿ. ಜ್ವರ, ಹೊಟ್ಟೆನೋವು, ನಮ್ಮ ಮಳೆ, ಎರಡು ವರ್ಷದಲ್ಲಿ ಹೆಚ್ಚಿನವರು ಸತ್ರು, 1664ರಲ್ಲಿ ಶಿಪ್‌ಮನ್ನನೂ ಅಲ್ಲೇ ಸತ್ತ. ಉಳಿದ ಸುಮಾರು ನೂರು ಜನ 1665ರಲ್ಲಿ ಹೋಗಿ ಮುಂಬೈ ತಗೊಂಡ್ರು. ಮುಂಬೈ ಇಂಗ್ಲಿಷರ ಕೈಗೆ ಹೋದ ಕಥೆಯ ಒಂದು ಪೂರ್ತಿ ಅಧ್ಯಾಯ ಕಾರವಾರದ ಎದುರು ನಡೆದಿದೆ, ಅದು ಕಾರವಾರದ ಮಕ್ಕಳಿಗೇ ಗೊತ್ತಿಲ್ಲ.

1961ರದ್ದಂತೂ ಇನ್ನೂ ಹತ್ತಿರದ ನೆನಪು. ನವೆಂಬರಲ್ಲಿ ಆ ದ್ವೀಪದಿಂದ ಪೋರ್ಚುಗೀಸರು ಸಾಬರಮತಿ ಅನ್ನೋ ಹಡಗಿನ ಮೇಲೆ ಗುಂಡು ಹಾರಿಸಿದ್ರು, ಆಮೇಲೆ ನಮ್ಮ ಮೀನು ದೋಣಿಗಳ ಮೇಲೂ, ಒಬ್ಬ ಮೀನುಗಾರರು ಸತ್ತೇಹೋದ್ರು. ಡಿಸೆಂಬರ್ 18ಕ್ಕೆ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಐಎನ್ಎಸ್ ತ್ರಿಶೂಲ್, ಐಎನ್ಎಸ್ ಮೈಸೂರು ಎರಡೂ ಬಂದು ದ್ವೀಪ ವಶಪಡಿಸಿಕೊಂಡ್ವು, ಏಳು ಜನ ನಾವಿಕರು ಪ್ರಾಣ ಕೊಟ್ರು. ಕಾರವಾರದ ಟಾಗೋರ್ ಬೀಚಲ್ಲಿ ಚಾಪೆಲ್ ಯುದ್ಧನೌಕೆಯ ಮ್ಯೂಸಿಯಂ ಉಂಟಲ್ಲ, ದಿನಾ ಎಷ್ಟು ಶಾಲಾ ಮಕ್ಕಳು ಬರ್ತಾರೆ, ಅದರ ಪಕ್ಕದಲ್ಲಿ ಒಂದು ಕೋಣೆ ಅಂಜುದೀವ್‌ಗೆ ಅಂತ ಮಾಡಿ. ನಕ್ಷೆ, ಫೋಟೋ, ಆ ಏಳು ನಾವಿಕರ ಮತ್ತು ಆ ಮೀನುಗಾರರ ಹೆಸರು. ಮಕ್ಕಳು ಕಿಟಕಿಯಿಂದ ಕಡಲು ನೋಡ್ತಾ ಓದ್ಲಿ.

ಅಲ್ಲೇ ಹತ್ತಿರದ ಕೂರ್ಮಗಡ ದ್ವೀಪದಲ್ಲಿ ಪುಷ್ಯ ಹುಣ್ಣಿಮೆಗೆ ನರಸಿಂಹ ದೇವರ ಜಾತ್ರೆ. ವರ್ಷದಲ್ಲಿ ಆ ಒಂದು ದಿನ ಕಾರವಾರಕ್ಕೆ ಕಾರವಾರವೇ ದೋಣಿ ಹತ್ತುತ್ತದೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರ್ತಿದ್ದ ಬೋಟು ಮಗುಚಿ 16 ಜನ ಹೋದ್ರು, ಮಕ್ಕಳೂ ಇದ್ರು ಅದ್ರಲ್ಲಿ. ಈ ದ್ವೀಪಕ್ಕೆ ನೀವು ಮಾಡ್ಬೇಕಾದದ್ದು ರೆಸಾರ್ಟ್ ಅಲ್ಲ. ಆ ಒಂದು ದಿನಕ್ಕೆ ಲೈಫ್ ಜಾಕೆಟ್ ಇಲ್ಲದೆ ಒಬ್ಬನೂ ದೋಣಿ ಹತ್ತಬಾರದು, ಲೆಕ್ಕ ಮಾಡಿ ಜನ ಹತ್ತಿಸ್ಬೇಕು, ಗಾಳಿ ಎದ್ರೆ ಯಾರೇ ಹೇಳಿದ್ರೂ ದೋಣಿ ನಿಲ್ಲಿಸೋ ಅಧಿಕಾರ ಒಬ್ಬರ ಕೈಯಲ್ಲಿ ಇರ್ಬೇಕು. ದುರಂತ ಆದ ಮರುವರ್ಷ ಇದೆಲ್ಲ ಸರಿಯಾಗಿ ಮಾಡ್ತೇವೆ, ಹತ್ತನೇ ವರ್ಷಕ್ಕೆ ಮರೀತೇವೆ, ಅದೇ ನನ್ನ ಹೆದರಿಕೆ. ಆ ಸುತ್ತಿನ ನೀರಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಉಂಟು, ದಡದ ಹತ್ರವೇ ಇರೋ ಜಾತಿ, ಅಳಿವೆ ಬಾಯಲ್ಲಿ ಮೀನು ಹಿಡೀತವೆ. ಅವನ್ನ ತೋರಿಸ್ತೇವೆ ಅಂತ ನಾಲ್ಕು ಬೋಟು ಸುತ್ತುವರಿದು ಅಟ್ಟಿಸಿಕೊಂಡು ಹೋಗೋದನ್ನ ನಾನೇ ಕಣ್ಣಾರೆ ನೋಡಿದ್ದೇನೆ. ಇಂಜಿನ್ ನಿಲ್ಲಿಸಿ ಸುಮ್ಮನೆ ಕೂತ್ರೆ ಅವೇ ಹತ್ರ ಬರ್ತವೆ, ಇದು ಹಳೇ ಬೋಟಿನವರಿಗೆ ಎಲ್ರಿಗೂ ಗೊತ್ತು.

ಹೊನ್ನಾವರದ ಬಸವರಾಜದುರ್ಗದ ಬಗ್ಗೆ ಚುಟುಕಾಗಿ ಹೇಳ್ತೇನೆ. ಶರಾವತಿ ಅಳಿವೆಯ ಆಚೆ ಚಪ್ಪಟೆ ತಲೆಯ ದ್ವೀಪ, ಸುತ್ತ ಕೆಳದಿ ಅರಸರ ಕಾಲದ ಚಿರೆಕಲ್ಲಿನ ಕೋಟೆ ಗೋಡೆ. ಘಟ್ಟದ ಮೇಲಿನ ರಾಜರು ಕಡಲ ಮಧ್ಯೆ ಕೋಟೆ ಯಾಕೆ ಕಟ್ಟಿದ್ರು ಅಂದ್ರೆ ಕಾಳುಮೆಣಸು ಮತ್ತೆ ಅಕ್ಕಿ, ಬಂದರು ಯಾರ ಕೈಯಲ್ಲೋ ದುಡ್ಡು ಅವರ ಕೈಯಲ್ಲಿ. ನಮ್ಮ ಮಲ್ಪೆ ಹತ್ರದ ದ್ವೀಪದ ಕೋಟೆ ದರಿಯಾ ಬಹದ್ದೂರ್‌ಗಡವೂ ಅದೇ ಕೆಳದಿಯವರದ್ದು. ಚಿರೆಕಲ್ಲಿನ ಸಂದಿಯಲ್ಲಿ ಆಲದ ಬೇರು ಇಳಿದು ಗೋಡೆ ಬಿಚ್ಚಿಕೊಳ್ತಾ ಉಂಟು. ಹೊಸದಾಗಿ ಏನೂ ಕಟ್ಟೋದು ಬೇಡ, ಸಿಮೆಂಟು ಮೆತ್ತೋದೂ ಬೇಡ, ಬೇರು ತೆಗೆಸಿ ಬಿದ್ದ ಕಲ್ಲನ್ನ ಅದೇ ಜಾಗದಲ್ಲಿ ಇಡ್ಸಿ, ಅಷ್ಟು ಸಾಕು.

ದುಡ್ಡು ಎಲ್ಲಿಂದ ಅಂತ ಕೇಳ್ತೀರಿ, ಗೊತ್ತು. ಬೋಟಿನ ಟಿಕೆಟ್ಟಿನ ಒಂದು ಪಾಲು ದ್ವೀಪಕ್ಕೇ ಅಂತ ಎತ್ತಿಡಿ. ಮೀನುಗಾರರ ಮನೆಯ ಹುಡುಗ ಹುಡುಗಿಯರಿಗೆ, ಡಿಗ್ರಿ ಮುಗಿಸಿ ಕೆಲಸ ಇಲ್ಲದೆ ಕೂತವರು ನಮ್ಮ ಕೇರಿಯಲ್ಲೇ ಎಷ್ಟೋ ಜನ ಇದ್ದಾರೆ, ಅವರಿಗೆ ಒಂದು ತಿಂಗಳ ತರಬೇತಿ ಕೊಟ್ಟು ಒಂದೊಂದು ಬೋಟಿಗೆ ಒಬ್ಬರು ಅಂತ ನೇಮಿಸಿ. ಮಲ್ಪೆಯಿಂದ ದ್ವೀಪಕ್ಕೆ 6 ಕಿಲೋಮೀಟರ್ ದಾರಿ, ಈಗ ಆ ಹೊತ್ತಿಡೀ ಸ್ಪೀಕರಿನ ಹಾಡು. ಕನ್ನಡದಲ್ಲಿ, ತುಳುವಲ್ಲಿ, ಕೊಂಕಣಿಯಲ್ಲಿ ಕಥೆ ಹೇಳ್ಲಿಕ್ಕೆ ಧಾರಾಳ ಸಾಕಾಗೋ ಸಮಯ ಅದು. ಬಂಡೆಯಲ್ಲಿ ಪಚ್ಚಿಲೆ ಚಿಪ್ಪು ಕೀಳೋ ಅಜ್ಜನ ಮೊಮ್ಮಗಳು ಆ ಬಂಡೆ ಮಡಗಾಸ್ಕರಿನ ಕಾಲದ್ದು ಅಂತ ಮೈಕ್ ಹಿಡಿದು ಹೇಳಿದ್ರೆ ಕೇಳೋರಿಗೂ ಬೇರೆಯೇ ಅನಿಸ್ತದೆ, ಹೇಳೋಳಿಗೂ ಹೆಮ್ಮೆ.

ಮಳೆ ಕಡಿಮೆಯಾಗಿ ಬೋಟು ಮತ್ತೆ ಶುರುವಾಗೋದಕ್ಕೆ ಮುಂಚೆ ಇಷ್ಟಾದ್ರೂ ಮಾಡಿ: ನೇತ್ರಾಣಿಯಲ್ಲಿ ಲಂಗರು ಬಂದ್, ಗೂಡಿರೋ ದ್ವೀಪಗಳ ಮೇಲೆ ಚಳಿಗಾಲದಲ್ಲಿ ಡ್ರೋನೂ ಬೇಡ ಹತ್ತೋದೂ ಬೇಡ ಅಂತ ಒಂದು ಆದೇಶ, ತೋನ್ಸೆಪಾರ್ ಬೋಟಿನಲ್ಲಿ ಕಥೆ ಹೇಳೋ ಒಬ್ಬರು. ಮಿಕ್ಕಿದ್ದಕ್ಕೆ ಸಭೆ ಕರೀರಿ, ಎಸಿ ಹಾಲಲ್ಲಿ ಬೇಡ, ಮಲ್ಪೆ ಬಂದರಿನ ದಕ್ಕೆಯಲ್ಲೇ ಕರೀರಿ, ಸಾಯಂಕಾಲ ಬೋಟುಗಳು ಬಂದ ಮೇಲೆ ಎಲ್ರೂ ಸಿಗ್ತಾರೆ, ನಾನೂ ಬರ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಲ್ಪೆ ಕಡೆಯ ಒಬ್ಬ ನಿವಾಸಿ